ಒಂದೂವರೆ ಕೆಬಿಯ ಕಡ್ಡಿ, ಓಡುತ್ತಲೇ ಇರುವ ಕಾರ್ಖಾನೆ: ವೈರಸ್ಸಿಗೂ ಗಿಡದ ಜೀವಕೋಶಕ್ಕೂ ಏನು ವ್ಯತ್ಯಾಸ?

ಬ್ಯಾಕ್ಟೀರಿಯಾ ಬಗ್ಗೆ ಮಾತಾಡಿದ ಮೇಲೆ ನೀವು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇವತ್ತು ಎತ್ತಿಕೊಳ್ತೀನಿ. ಒಂದು: "ವೈರಸ್ ಅಂದ್ರೆ ಇನ್ನೂ ಸಣ್ಣ ಬ್ಯಾಕ್ಟೀರಿಯಾ ತಾನೇ? ಅದೂ ಒಂದು ಜೀವಕೋಶ ಅಲ್ವಾ?" ಇನ್ನೊಂದು ಪುಣೆಯಿಂದ ಬಂದದ್ದು: "ಬಾಲ್ಕನಿಯ ಟೊಮೇಟೊ ಗಿಡದ ಎಲೆಯೆಲ್ಲ ಮುಟುರಿಕೊಂಡಿದೆ. ನರ್ಸರಿಯವರು ವೈರಸ್ ಅಂದ್ರು. ಯಾವ ಔಷಧಿ ಹೊಡೀಲಿ?" ನೋಡೋಕೆ ಬೇರೆ ಬೇರೆ ಪ್ರಶ್ನೆ. ಆದರೆ ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಎರಡನೆಯದು ತಾನಾಗಿಯೇ ಬಿಡಿಸಿಕೊಳ್ಳುತ್ತೆ. ಅದಕ್ಕೇ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೀನಿ.

ವೈರಸ್ ಅಂದ ಕೂಡಲೇ ನಮಗೆಲ್ಲ ಕೊರೊನಾ ನೆನಪಾಗುತ್ತೆ. ಇವತ್ತು ಅದು ಬೇಡ. ಮನುಷ್ಯರಿಗೆ ಒಂದು ವೈರಸ್ ಇದೆ ಅಂತ ಗೊತ್ತಾಗೋದಕ್ಕೂ ಮೊದಲೇ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಗಿಡದ ವೈರಸ್: ಹೊಗೆಸೊಪ್ಪಿನ ಮೊಸಾಯಿಕ್ ವೈರಸ್. ಇಂಗ್ಲಿಷ್‌ನಲ್ಲಿ ಟಿಎಂವಿ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯೋ ಅದೇ ಹೊಗೆಸೊಪ್ಪು. ರೋಗ ಬಂದ ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು, ಹಳದಿ ಎಲ್ಲ ತೇಪೆ ತೇಪೆಯಾಗಿ ಕಾಣಿಸುತ್ತೆ, ಹಳೇ ಮನೆಯ ಮೊಸಾಯಿಕ್ ನೆಲದ ಹಾಗೆ. ಹೆಸರು ಬಂದದ್ದೂ ಅದರಿಂದಲೇ.

ಮೊದಲು ಗಾತ್ರ. ಈ ವೈರಸ್ ಒಂದು ನೆಟ್ಟಗಿನ ಕಡ್ಡಿ. ಉದ್ದ 300 ನ್ಯಾನೋಮೀಟರ್, ದಪ್ಪ 18 ನ್ಯಾನೋಮೀಟರ್. ಎಲೆಯ ಒಂದು ಜೀವಕೋಶ ಸುಮಾರು 50 ಮೈಕ್ರೋಮೀಟರ್ ಅಂತ ಇಟ್ಟುಕೊಳ್ಳೋಣ. ಈಗ ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ. ವೈರಸ್ಸು 20 ಸೆಂಟಿಮೀಟರಿನ ಊದುಬತ್ತಿಯಷ್ಟಾದರೆ, ಜೀವಕೋಶ 33 ಮೀಟರ್ ಎತ್ತರ, 33 ಮೀಟರ್ ಅಗಲದ ಕಟ್ಟಡ ಆಗುತ್ತೆ. ಮುಂಬೈನ ಒಂದು ಹತ್ತು ಮಹಡಿಯ ಬಿಲ್ಡಿಂಗ್, ಅದರೊಳಗೆ ಎಲ್ಲೋ ಬಿದ್ದಿರೋ ಒಂದು ಊದುಬತ್ತಿ. ಆದರೆ ನಿಜವಾದ ವ್ಯತ್ಯಾಸ ಗಾತ್ರದ್ದಲ್ಲ, ಇಲ್ಲಿಗೇ ನಿಲ್ಲಿಸಿದ್ರೆ ತಪ್ಪಾಗುತ್ತೆ. ಊದುಬತ್ತಿಯನ್ನು ಎಷ್ಟು ದೊಡ್ಡದು ಮಾಡಿದ್ರೂ ಅದು ಬಿಲ್ಡಿಂಗ್ ಆಗಲ್ಲ.

ಆ ಬಿಲ್ಡಿಂಗ್ ಒಳಗೆ ಏನು ನಡೀತಿದೆ ನೋಡಿ. ಹೊರಗೆ ಸೆಲ್ಯುಲೋಸ್‌ನ ಗಟ್ಟಿ ಗೋಡೆ. ಅದರ ಒಳಗೆ ತೆಳುವಾದ ಎಣ್ಣೆಯಂಥ ಪೊರೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನ ಮಾಡೋದು ಈ ಪೊರೆ. ಒಳಗಿನ ಜಾಗದಲ್ಲಿ ಬಹುಪಾಲನ್ನು ಆಕ್ರಮಿಸಿರೋದು ಒಂದು ದೊಡ್ಡ ನೀರಿನ ಚೀಲ. ಅದು ಒಳಗಿನಿಂದ ಗೋಡೆಯನ್ನು ಒತ್ತಿ ಹಿಡಿದಿರೋದ್ರಿಂದಲೇ ಎಲೆ ನೆಟ್ಟಗೆ ನಿಲ್ಲೋದು. ನೀರು ಹಾಕೋದು ಮರೆತ ತುಳಸಿ ಜೋತು ಬೀಳೋದು ಈ ಒತ್ತಡ ಇಳಿದಾಗ. ಹತ್ತಾರು ಕ್ಲೋರೋಪ್ಲಾಸ್ಟ್‌ಗಳು ಬಿಸಿಲನ್ನು ಹಿಡಿದು ಸಕ್ಕರೆ ಮಾಡ್ತಾ ಇರುತ್ತವೆ. ಮೈಟೋಕಾಂಡ್ರಿಯಾ ಆ ಸಕ್ಕರೆಯನ್ನು ಸುಟ್ಟು ಎಟಿಪಿ ಅನ್ನೋ ಚಿಲ್ಲರೆ ಹಣ ಮಾಡಿ ಹಂಚುತ್ತವೆ. ನ್ಯೂಕ್ಲಿಯಸ್‌ನಲ್ಲಿ ಡಿಎನ್‌ಎ ಇದೆ. ಅಲ್ಲಿಂದ ಆರ್‌ಎನ್‌ಎ ಅನ್ನೋ ನಕಲು ಪ್ರತಿಗಳು ಹೊರಗೆ ಬರುತ್ತವೆ, ಲಕ್ಷಗಟ್ಟಲೆ ರೈಬೋಸೋಮ್‌ಗಳು ಅವನ್ನು ಓದಿ ಪ್ರೋಟೀನ್ ಕಟ್ಟುತ್ತವೆ. ಹಳೇ ಪ್ರೋಟೀನ್ ಒಡೆದು ಹಾಕೋ ವಿಭಾಗವೂ ಇದೆ.

ಇಲ್ಲಿ ನಾನು ಎಂಜಿನಿಯರ್ ಆಗಿ ಗಮನಿಸೋದು ಒಂದೇ: ಈ ಯಂತ್ರ ಎಂದೂ ಆಫ್ ಆಗಿಲ್ಲ. ನಮ್ಮ ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಆನ್ ಮಾಡಬಹುದು. ಜೀವಕೋಶಕ್ಕೆ ಆ ಸೌಲಭ್ಯ ಇಲ್ಲ. ಓಡುತ್ತಿರೋ ಜೀವಕೋಶ ಎರಡಾಗಿ ಒಡೆದು ಮಾತ್ರ ಇನ್ನೊಂದು ಓಡುತ್ತಿರೋ ಜೀವಕೋಶ ಹುಟ್ಟುತ್ತೆ. ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಅನ್ನೋ ಮಾತನ್ನು 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಜನಪ್ರಿಯ ಮಾಡಿದರು. ನಿಮ್ಮ ಬಾಲ್ಕನಿಯ ಟೊಮೇಟೊ ಎಲೆಯ ಒಂದು ಜೀವಕೋಶದಿಂದ ಹಿಂದಕ್ಕೆ ಹೋಗ್ತಾ ಹೋದ್ರೆ, ಕೋಟ್ಯಂತರ ವರ್ಷ, ಮಧ್ಯೆ ಒಂದು ಕ್ಷಣವೂ ನಿಲ್ಲದೆ ಓಡಿಬಂದ ಸರಪಳಿ ಅದು.

ಈಗ ಊದುಬತ್ತಿಯ ಒಳಗೆ ನೋಡಿ. ಒಂದು ಆರ್‌ಎನ್‌ಎ ಎಳೆ, ಅದರಲ್ಲಿ ಸುಮಾರು 6,400 ಅಕ್ಷರ. ಅದರ ಸುತ್ತ ಒಂದೇ ಥರದ ಪ್ರೋಟೀನ್‌ನ 2,130 ತುಣುಕು, ಸುರುಳಿ ಮೆಟ್ಟಿಲಿನ ಹಾಗೆ ಜೋಡಿಸಿದ್ದು. ಅಷ್ಟೇ. ಪಟ್ಟಿ ಮುಗೀತು. ಪೊರೆ ಇಲ್ಲ, ರೈಬೋಸೋಮ್ ಇಲ್ಲ, ಎಟಿಪಿ ಮಾಡೋ ದಾರಿ ಇಲ್ಲ, ಉಸಿರಾಟ ಇಲ್ಲ, ತ್ಯಾಜ್ಯ ಇಲ್ಲ. ಒಳಗೆ ನೀರಿನ ಒಂದು ಕೋಣೆಯೂ ಇಲ್ಲ.

ಲೆಕ್ಕ ಹಾಕೋದು ನನ್ನ ಚಟ, ಸಹಿಸಿಕೊಳ್ಳಿ. ಆರ್‌ಎನ್‌ಎಯಲ್ಲಿ ನಾಲ್ಕೇ ಅಕ್ಷರ ಇರೋದ್ರಿಂದ ಒಂದು ಅಕ್ಷರಕ್ಕೆ ಎರಡು ಬಿಟ್ ಸಾಕು. 6,400 ಅಕ್ಷರ ಅಂದ್ರೆ 12,800 ಬಿಟ್, ಅಂದ್ರೆ 1,600 ಬೈಟ್. ಒಂದೂವರೆ ಕೆಬಿ ಚಿಲ್ಲರೆ! ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಬೆಳಗಾದ್ರೆ ಬರೋ ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹೊಗೆಸೊಪ್ಪಿನ ಡಿಎನ್‌ಎ ಸುಮಾರು 450 ಕೋಟಿ ಅಕ್ಷರ, ಅಂದ್ರೆ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು. ಈ ಒಂದೂವರೆ ಕೆಬಿ ಆ ಒಂದು ಜಿಬಿಯ ಯಂತ್ರವನ್ನು ತನ್ನ ಕೆಲಸಕ್ಕೆ ಹಚ್ಚುತ್ತೆ.

ಇದು ಜೀವಕೋಶ ಅಲ್ಲ ಅಂತ ಒಪ್ಪೋಕೆ ವಿಜ್ಞಾನಿಗಳಿಗೇ ಅರ್ಧ ಶತಮಾನ ಬೇಕಾಯ್ತು. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಕೆಲಸ ಮಾಡ್ತಿದ್ದ ಅಡಾಲ್ಫ್ ಮೇಯರ್ 1886ರಲ್ಲಿ ಈ ರೋಗದ ಬಗ್ಗೆ ಬರೆದರು. ರೋಗದ ಎಲೆಯನ್ನು ಅರೆದು, ರಸವನ್ನು ತೆಳು ಗಾಜಿನ ಕೊಳವೆಯಲ್ಲಿ ತುಂಬಿ ಆರೋಗ್ಯವಾಗಿರೋ ಗಿಡದ ಎಲೆನರಕ್ಕೆ ಚುಚ್ಚಿದರೆ ಹತ್ತರಲ್ಲಿ ಒಂಬತ್ತು ಸಲ ರೋಗ ಬರ್ತಿತ್ತು. ಅವರ ಊಹೆ: ಬ್ಯಾಕ್ಟೀರಿಯಾ. 1892ರಲ್ಲಿ ರಷ್ಯಾದ ದಿಮಿತ್ರಿ ಇವನೋವ್‌ಸ್ಕಿ ಆ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿ ಸೋಸುಗದಲ್ಲಿ ಸೋಸಿದರು. ಸೋಸಿ ಬಂದ ತಿಳಿ ರಸದಿಂದಲೂ ರೋಗ ಬಂತು. ಅವರಿಗೆ ಸೋಸುಗದ ಮೇಲೇ ಅನುಮಾನ! ನಮ್ಮ ಕೆಲಸದಲ್ಲೂ ಹಾಗೇ ತಾನೇ, ಫಲಿತಾಂಶ ವಿಚಿತ್ರವಾಗಿ ಬಂದ್ರೆ ಮೊದಲು ಟೆಸ್ಟ್ ಸೆಟಪ್ ಮೇಲೆ ಅನುಮಾನ ಪಡ್ತೀವಿ.

1898ರಲ್ಲಿ ಡೆಲ್ಫ್ಟ್‌ನ ಮಾರ್ಟಿನಸ್ ಬೈಯರಿಂಕ್ ಒಂದು ಹೆಜ್ಜೆ ಮುಂದೆ ಹೋದರು. ಆ ರಸವನ್ನು ಇಟ್ಟರೆ ಅದರಲ್ಲಿ ಏನೂ ಬೆಳೆಯಲ್ಲ. ಬ್ಯಾಕ್ಟೀರಿಯಾಕ್ಕೆ ಸಾರು ಕೊಟ್ಟರೆ ಬೆಳೆಯುತ್ತೆ, ಇದಕ್ಕೆ ಏನು ಕೊಟ್ಟರೂ ಇಲ್ಲ. ಆದರೆ ಬೆಳೆಯುತ್ತಿರೋ ಜೀವಂತ ಗಿಡದೊಳಗೆ ಹಾಕಿದರೆ ಹೆಚ್ಚಾಗುತ್ತೆ. ಅವರು ಇದನ್ನು ಜೀವವಿರುವ ಒಂದು ದ್ರವ ಅಂತ ಕರೆದರು, ವೈರಸ್ ಅನ್ನೋ ಹೆಸರನ್ನೂ ಬಳಸಿದರು. ಲ್ಯಾಟಿನ್‌ನಲ್ಲಿ ಆ ಪದಕ್ಕೆ ವಿಷ ಅಂತ ಅರ್ಥ. ದ್ರವ ಅನ್ನೋದು ಸರಿಯಾಗಿರಲಿಲ್ಲ, ಆದರೆ ಜೀವಂತ ಜೀವಕೋಶ ಇಲ್ಲದೆ ಇದು ಹೆಚ್ಚಲ್ಲ ಅನ್ನೋದು ಇವತ್ತಿಗೂ ನಿಂತಿದೆ.

ದೊಡ್ಡ ಆಘಾತ ಬಂದದ್ದು 1935ರಲ್ಲಿ. ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ರೋಗದ ಹೊಗೆಸೊಪ್ಪಿನ ರಸದಿಂದ ವೈರಸ್ಸನ್ನು ಶುದ್ಧ ಮಾಡಿ ಸೂಜಿಯಂಥ ಹರಳುಗಳನ್ನು ಪಡೆದರು. ಉಪ್ಪಿನ ಹರಳು, ಸಕ್ಕರೆಯ ಹರಳು ಇದ್ದ ಹಾಗೆ ವೈರಸ್ಸಿನ ಹರಳು. ಆ ಹರಳನ್ನು ಮತ್ತೆ ನೀರಿನಲ್ಲಿ ಕರಗಿಸಿ ಎಲೆಗೆ ಉಜ್ಜಿದರೆ ರೋಗ ಬರ್ತಿತ್ತು. ಇದಕ್ಕೆ 1946ರಲ್ಲಿ ನೊಬೆಲ್ ಬಹುಮಾನ ಬಂತು, ಯಾವ ವಿಭಾಗದಲ್ಲಿ ಅಂತೀರಿ? ರಸಾಯನಶಾಸ್ತ್ರ. ಸ್ಟ್ಯಾನ್ಲಿ ಇದನ್ನು ಬರೀ ಪ್ರೋಟೀನ್ ಅಂದುಕೊಂಡಿದ್ದರು. ಒಳಗೆ ಆರ್‌ಎನ್‌ಎ ಕೂಡ ಇದೆ ಅಂತ ಮರುವರ್ಷವೇ ಇಂಗ್ಲೆಂಡಿನ ಬಾಡನ್ ಮತ್ತು ಪಿರಿ ತೋರಿಸಿದರು. ಆ ಆರ್‌ಎನ್‌ಎ ಸುರುಳಿಯೊಳಗೆ ನಿಖರವಾಗಿ ಎಲ್ಲಿ ಕೂತಿದೆ ಅಂತ 1950ರ ದಶಕದಲ್ಲಿ ಹುಡುಕಿದವರು ರೋಸಲಿಂಡ್ ಫ್ರಾಂಕ್ಲಿನ್. ಡಿಎನ್‌ಎ ಫೋಟೋದಿಂದ ಅವರ ಹೆಸರು ಎಲ್ಲರಿಗೂ ಗೊತ್ತು, ಈ ಕೆಲಸ ಅಷ್ಟಾಗಿ ಗೊತ್ತಿಲ್ಲ. ನನ್ನ ಮಟ್ಟಿಗೆ ಇದೂ ಅಷ್ಟೇ ದೊಡ್ಡದು.

ಈ ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ 1955ರದ್ದು. ಬರ್ಕ್ಲಿಯಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ವೈರಸ್ಸನ್ನು ಬಿಚ್ಚಿದರು. ಪ್ರೋಟೀನ್ ಒಂದು ಕಡೆ, ಆರ್‌ಎನ್‌ಎ ಇನ್ನೊಂದು ಕಡೆ. ಆಮೇಲೆ ಎರಡನ್ನೂ ಗಾಜಿನ ನಳಿಕೆಯಲ್ಲಿ ಬೆರೆಸಿದರು. ಕಡ್ಡಿಗಳು ತಾವಾಗಿಯೇ ಮತ್ತೆ ಜೋಡಿಸಿಕೊಂಡವು, ಎಲೆಗೆ ಉಜ್ಜಿದಾಗ ರೋಗವೂ ಬಂತು. ಇದೇ ಕೆಲಸವನ್ನು ಎಲೆಯ ಜೀವಕೋಶಕ್ಕೆ ಮಾಡಿ ನೋಡಿ. ಪುದೀನ ಸೊಪ್ಪನ್ನು ಮಿಕ್ಸಿಗೆ ಹಾಕಿ ತಿರುಗಿಸಿ. ಜೀವಕೋಶದಲ್ಲಿ ಇದ್ದದ್ದೆಲ್ಲ ಆ ಜಾರ್‌ನಲ್ಲೇ ಇದೆ. ಎಷ್ಟು ಹೊತ್ತು ಕಾದ್ರೂ ಒಂದು ಜೀವಕೋಶವೂ ಮತ್ತೆ ಎದ್ದು ಬರಲ್ಲ, ಚಟ್ನಿ ಚಟ್ನಿಯಾಗಿಯೇ ಇರುತ್ತೆ. ಯಾಕಂದ್ರೆ ಜೀವಕೋಶ ಅನ್ನೋದು ಬರೀ ಬಿಡಿಭಾಗಗಳ ಮೊತ್ತ ಅಲ್ಲ, ನಡೀತಾ ಇರೋ ಒಂದು ಕೆಲಸ. ವೈರಸ್ಸಿನ ಕಣಕ್ಕೆ ನಡೀತಾ ಇರೋ ಕೆಲಸವೇ ಇಲ್ಲ, ಹಾಗಾಗಿ ಬಿಚ್ಚಿದರೂ ಕಳೆದುಕೊಳ್ಳೋಕೆ ಏನೂ ಇಲ್ಲ.

ಇಲ್ಲಿ ಒಬ್ಬರಾದ್ರೂ ಕೇಳೇ ಕೇಳ್ತೀರಿ: "ಒಣಗಿದ ಬೀಜ ಕೂಡ ಸುಮ್ಮನೆ ಬಿದ್ದಿರುತ್ತಲ್ಲ? ಅದೂ ಆಫ್ ತಾನೇ?" ಒಳ್ಳೇ ಪ್ರಶ್ನೆ. ಇಸ್ರೇಲಿನ ಮಸಾಡ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವನ್ನು 2005ರಲ್ಲಿ ಮೊಳಕೆ ಬರಿಸಿದ್ದಾರೆ. ಆದರೆ ಬೀಜದೊಳಗೆ ಏನಿದೆ ನೋಡಿ. ಪೊರೆಗಳಿವೆ, ರೈಬೋಸೋಮ್‌ಗಳಿವೆ, ಮೈಟೋಕಾಂಡ್ರಿಯಾ ಇವೆ, ಬುತ್ತಿಯ ಹಾಗೆ ಕಟ್ಟಿಟ್ಟ ಆಹಾರ ಇದೆ. ಇಡೀ ಕಾರ್ಖಾನೆ ಬಾಗಿಲು ಹಾಕಿಕೊಂಡು ತೀರಾ ನಿಧಾನಕ್ಕೆ ಬಂದು ಕೂತಿದೆ. ನೀರು ಕೊಟ್ಟರೆ ಸಾಕು, ಬೇರೆ ಯಾರ ಸಹಾಯವೂ ಬೇಡ, ತಾನೇ ಶುರು ಮಾಡಿಕೊಳ್ಳುತ್ತೆ. ರಾತ್ರಿ ನೆನೆಸಿದ ಹೆಸರುಕಾಳು ಎರಡು ದಿನದಲ್ಲಿ ಬಾಲ ತೋರಿಸೋದು ಇದನ್ನೇ. ವೈರಸ್ಸಿಗೆ ನೀರು ಕೊಡಿ, ಸಕ್ಕರೆ ಕೊಡಿ, ಬಿಸಿಲು ಕೊಡಿ, ಅದು ಒದ್ದೆಯಾದ ವೈರಸ್ ಆಗುತ್ತೆ, ಅಷ್ಟೇ.

ಹಾಗಾದ್ರೆ ಈ ಜಡ ಕಡ್ಡಿ ಇಷ್ಟು ಹಾನಿ ಮಾಡೋದು ಹೇಗೆ? ಮೊದಲ ಅಡ್ಡಿ ಗಿಡದ ಗೋಡೆ. ನಮ್ಮನ್ನು ಕಾಡೋ ವೈರಸ್‌ಗಳಿಗೆ ನಮ್ಮ ಜೀವಕೋಶದ ಮೇಲಿನ ಯಾವುದಾದ್ರೂ ಕೊಂಡಿಗೆ ಅಂಟಿಕೊಂಡು ಒಳಗೆ ಜಾರೋ ದಾರಿ ಇದೆ. ಗಿಡದ ಜೀವಕೋಶಕ್ಕೆ ಗಟ್ಟಿ ಗೋಡೆ ಇರೋದ್ರಿಂದ ಆ ಉಪಾಯ ನಡೆಯಲ್ಲ. ಗಿಡದ ವೈರಸ್ಸಿಗೆ ಯಾರೋ ಗೋಡೆ ಒಡೆದುಕೊಡಬೇಕು. ಟಿಎಂವಿಗೆ ಸಣ್ಣ ಗೀರು ಸಾಕು: ಎಲೆಗೆ ಎಲೆ ಉಜ್ಜಿದ್ದು, ಕೆಲಸದವರ ಕೈ, ಕತ್ತರಿ, ಬಟ್ಟೆ. ಉಳಿದ ಬಹಳಷ್ಟು ವೈರಸ್‌ಗಳು ರಸ ಹೀರೋ ಹುಳುಗಳ ಸೂಜಿಮೂತಿಯಲ್ಲಿ ಸವಾರಿ ಮಾಡುತ್ತವೆ. ಕೊಡಗು, ಮಲೆನಾಡಿನವರಿಗೆ ಗೊತ್ತಿರೋ ಏಲಕ್ಕಿಯ ಕಟ್ಟೆ ರೋಗ ಹೇನಿನಿಂದ. ಟೊಮೇಟೊ ಎಲೆ ಮುಟುರು ರೋಗ ಬಿಳಿ ನೊಣದಿಂದ.

ಗೀರಿನ ಮೂಲಕ ಕಡ್ಡಿ ಒಳಗೆ ಬಿತ್ತು ಅಂದುಕೊಳ್ಳಿ. ಹೊರಗಿಗಿಂತ ಜೀವಕೋಶದ ಒಳಗೆ ಕ್ಯಾಲ್ಸಿಯಂ ಕಡಿಮೆ. ಆ ವ್ಯತ್ಯಾಸಕ್ಕೆ ಕಡ್ಡಿಯ ಒಂದು ತುದಿಯ ಕೆಲವು ಪ್ರೋಟೀನ್ ತುಣುಕು ಸಡಿಲವಾಗಿ ಕಳಚುತ್ತವೆ, ಆರ್‌ಎನ್‌ಎಯ ತುದಿ ಇಣುಕುತ್ತೆ. ಆ ತುದಿ ಗಿಡದ್ದೇ ಆರ್‌ಎನ್‌ಎ ಥರ ಕಾಣುತ್ತೆ. ರೈಬೋಸೋಮ್ ಬಂದು ಹಿಡಿದು ಓದೋಕೆ ಶುರು ಮಾಡುತ್ತೆ, ಓದ್ತಾ ಮುಂದೆ ಹೋದ ಹಾಗೆ ಉಳಿದ ಪ್ರೋಟೀನ್ ಕವಚವನ್ನು ತಾನೇ ಸುಲಿದು ಹಾಕುತ್ತೆ. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂತು. ವೈರಸ್ ಏನೂ ಮಾಡಲಿಲ್ಲ. ಲಕೋಟೆಯನ್ನು ಒಡೆದವರೂ ಮನೆಯವರೇ, ಪತ್ರ ಓದಿದವರೂ ಮನೆಯವರೇ, ಅದರಲ್ಲಿ ಬರೆದ ಹಾಗೆ ನಡೆದುಕೊಂಡವರೂ ಅವರೇ.

ಯಾಕೆ ಹೀಗೆ? ರೈಬೋಸೋಮ್‌ಗೆ ಪತ್ರ ಯಾರು ಕಳಿಸಿದ್ದು ಅಂತ ನೋಡೋ ಅಭ್ಯಾಸ ಇಲ್ಲ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ ಅನ್ನೋ ಲಿಪಿ ಎಲ್ಲರಿಗೂ ಒಂದೇ. ಸಾಫ್ಟ್‌ವೇರ್‌ನವರು ಇದನ್ನು ಸಹಿ ಪರೀಕ್ಷೆ ಮಾಡದೆ ಕೋಡ್ ಓಡಿಸೋ ಸರ್ವರ್ ಅಂತ ಬೈಯಬಹುದು.

ಆ ಪತ್ರದಲ್ಲಿ ಇರೋದು ಮುಖ್ಯವಾಗಿ ನಾಲ್ಕು ಪ್ರೋಟೀನ್‌ಗಳ ಬರಹ. ಎರಡು, ಆರ್‌ಎನ್‌ಎಯನ್ನು ನಕಲು ಮಾಡೋದಕ್ಕೆ. ಒಂದು, ಪಕ್ಕದ ಜೀವಕೋಶಕ್ಕೆ ದಾಟೋದಕ್ಕೆ. ಒಂದು, ಕವಚಕ್ಕೆ. ಜೀವಕೋಶ ಹೆಚ್ಚಾಗೋದು ಬೆಳೆದು, ಎಲ್ಲವನ್ನೂ ಎರಡು ಪಟ್ಟು ಮಾಡಿಕೊಂಡು, ನಡುವೆ ಗೋಡೆ ಹಾಕಿಕೊಂಡು. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ವೈರಸ್ ಬೆಳೆಯಲ್ಲ, ಒಡೆಯಲ್ಲ. ಬಿಡಿಭಾಗಗಳು ರಾಶಿ ಬಿದ್ದ ಮೇಲೆ ನೇರವಾಗಿ ಜೋಡಣೆ, ಹುಟ್ಟಿದಾಗಲೇ ಪೂರ್ತಿ ಸೈಜ್. ಒಂದು ಸೋಂಕಿತ ಜೀವಕೋಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಡ್ಡಿಗಳು ತುಂಬಿಕೊಳ್ಳಬಹುದು. ಮರಿ ವೈರಸ್ ಅಂತ ಒಂದು ಇಲ್ಲವೇ ಇಲ್ಲ.

ಪಕ್ಕಕ್ಕೆ ದಾಟೋ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಇದು ಗಿಡಕ್ಕೇ ವಿಶೇಷವಾದದ್ದು. ಗಿಡದ ಜೀವಕೋಶಗಳು ಗೋಡೆ ಕಟ್ಟಿಕೊಂಡಿದ್ದರೂ ಒಂಟಿಯಲ್ಲ. ಗೋಡೆಗಳಲ್ಲಿ ಸಣ್ಣ ಸಣ್ಣ ಕಿಂಡಿಗಳಿವೆ, ಅವುಗಳ ಮೂಲಕ ಸಕ್ಕರೆ, ಸಂದೇಶ ಹಂಚಿಕೊಳ್ಳುತ್ತವೆ. ಚಾಳ್‌ನಲ್ಲಿ ಪಕ್ಕದ ಮನೆಗೆ ಕಿಟಕಿಯಿಂದ ಬಟ್ಟಲು ದಾಟಿಸೋ ಹಾಗೆ. ಆದರೆ ಆ ಕಿಂಡಿಯಲ್ಲಿ ಸಾಮಾನ್ಯವಾಗಿ ನುಸುಳೋಕೆ ಜಾಗ ಎರಡು ಮೂರು ನ್ಯಾನೋಮೀಟರ್. 18 ನ್ಯಾನೋಮೀಟರ್ ದಪ್ಪದ ಕಡ್ಡಿ ಹೋಗೋ ಮಾತೇ ಇಲ್ಲ. ದಾಟಿಸೋ ಪ್ರೋಟೀನ್ ಕಿಂಡಿಯನ್ನು ಹಿಗ್ಗಿಸಿ, ಕವಚ ಇಲ್ಲದ ಬರೀ ಆರ್‌ಎನ್‌ಎಯನ್ನು ತಾನೇ ಹಿಡಿದುಕೊಂಡು ದಾಟಿಸುತ್ತೆ. ಹಾಗೆ ಒಂದೊಂದೇ ಮನೆ ದಾಟಿ ಎಲೆಯ ನರ ಸೇರಿದರೆ, ಸಕ್ಕರೆ ಸಾಗೋ ದಾರಿಯಲ್ಲೇ ಎಳೆ ಎಲೆಗಳಿಗೆ ಪ್ರಯಾಣ. ಹೊಸ ಎಲೆಯಲ್ಲೇ ರೋಗ ಜೋರಾಗಿ ಕಾಣಿಸೋದಕ್ಕೆ ಇದೊಂದು ಕಾರಣ.

ಗಿಡ ಸುಮ್ಮನೆ ಇರುತ್ತಾ? ಇಲ್ಲ. ನಮ್ಮ ಹಾಗೆ ರಕ್ತದಲ್ಲಿ ಓಡಾಡೋ ಸೈನಿಕರು ಅದಕ್ಕಿಲ್ಲ, ಪ್ರತಿ ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಆರ್‌ಎನ್‌ಎ ವೈರಸ್ ನಕಲಾಗುವಾಗ ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತೆ. ಅಂಥ ಉದ್ದದ ಜೋಡಿ ಎಳೆ ಕಂಡರೆ ಗಿಡದ ಕತ್ತರಿ ಪ್ರೋಟೀನ್ ಅದನ್ನು 21ರಿಂದ 24 ಅಕ್ಷರದ ತುಣುಕುಗಳಾಗಿ ಕತ್ತರಿಸುತ್ತೆ. ಆ ತುಣುಕುಗಳನ್ನೇ ಕಳ್ಳನ ಫೋಟೋ ಥರ ಇಟ್ಟುಕೊಂಡು, ಅದಕ್ಕೆ ಹೊಂದೋ ಆರ್‌ಎನ್‌ಎ ಎಲ್ಲಿ ಕಂಡರೂ ತುಂಡರಿಸುತ್ತೆ. ಗಿಡದಲ್ಲಿ ಈ ಪುಟ್ಟ ಆರ್‌ಎನ್‌ಎಗಳನ್ನು 1999ರಲ್ಲಿ ಹ್ಯಾಮಿಲ್ಟನ್ ಮತ್ತು ಬೌಲ್‌ಕೂಂಬ್ ಗುರುತಿಸಿದರು. ಮೊಸಾಯಿಕ್ ಎಲೆಯಲ್ಲಿ ಕಡು ಹಸಿರು ದ್ವೀಪಗಳು ಅಂದೆನಲ್ಲ, ಅಲ್ಲಿ ವೈರಸ್ ಬಹುತೇಕ ಇರೋದೇ ಇಲ್ಲ. ಗಿಡ ಗೆದ್ದ ಜಾಗ ಅದು. ನಾವು ರೋಗದ ಚಿಹ್ನೆ ಅಂತ ನೋಡ್ತಿರೋದು ಯುದ್ಧದ ಭೂಪಟ. ಒಂದೂವರೆ ಕೆಬಿಯಲ್ಲೂ ವೈರಸ್ ಇದಕ್ಕೆ ಉತ್ತರ ಇಟ್ಟುಕೊಂಡಿದೆ: ನಕಲು ಮಾಡೋ ಪ್ರೋಟೀನ್‌ಗಳಲ್ಲಿ ಒಂದು ಈ ಕತ್ತರಿ ವ್ಯವಸ್ಥೆಯನ್ನು ಅಡ್ಡಗಟ್ಟುತ್ತೆ.

ಕೆಲವು ಹೊಗೆಸೊಪ್ಪಿನ ಜಾತಿಗಳಲ್ಲಿ ಇನ್ನೊಂದು ಉಪಾಯ ಇದೆ. ಎನ್ ಅನ್ನೋ ಒಂದು ಜೀನ್ ಇದ್ದರೆ, ವೈರಸ್ ಹೊಕ್ಕ ಜೀವಕೋಶ ಮತ್ತು ಅದರ ನೆರೆಯವು ತಾವೇ ಸತ್ತುಹೋಗುತ್ತವೆ. ಎಲೆಯಲ್ಲಿ ಒಂದು ಕಂದು ಚುಕ್ಕೆ ಉಳಿಯುತ್ತೆ, ಗಿಡ ಉಳಿಯುತ್ತೆ. ಜೀವಕೋಶಕ್ಕೆ ತನ್ನ ಸಾವನ್ನು ಆರಿಸಿಕೊಳ್ಳೋಕೆ ಬರುತ್ತೆ. ಹರಳಾಗಿ ಶೀಷೆಯಲ್ಲಿ ಕೂತಿರೋ ವೈರಸ್ಸಿಗೆ ಸಾಯೋದು ಅಂದ್ರೇನು ಅಂತ ಹೇಳೋದೇ ಕಷ್ಟ, ಕೆಡೋದು ಅನ್ನಬಹುದು ಅಷ್ಟೇ.

ಈಗ ಪುಣೆಯ ಟೊಮೇಟೊಗೆ ಬರೋಣ. ಎಲೆ ಮುಟುರು ರೋಗ ತರೋದು ಒಂದಲ್ಲ, ಹಲವು ವೈರಸ್‌ಗಳು. ಅದರಲ್ಲಿ ಒಂದರ ಹೆಸರಲ್ಲೇ ಬೆಂಗಳೂರು ಇದೆ, ಇನ್ನೊಂದರ ಹೆಸರಲ್ಲಿ ನ್ಯೂ ಡೆಲ್ಲಿ. ಡೆಲ್ಲಿಯ ವೀಕ್ಷಕರು ಹೆಮ್ಮೆ ಪಡೋ ಹಾಗಿಲ್ಲ ಬಿಡಿ! ಇವು ಡಿಎನ್‌ಎ ವೈರಸ್‌ಗಳು, ಎರಡು ಗೋಲಿ ಅಂಟಿಸಿದ ಹಾಗೆ ಜೋಡಿ ಆಕಾರ. ಡೆಲ್ಲಿ ಹೆಸರಿನ ವೈರಸ್ಸಿನಲ್ಲಿ ಸುಮಾರು 2,700 ಅಕ್ಷರಗಳ ಎರಡು ಉಂಗುರ. ಇವು ಟಿಎಂವಿಗಿಂತಲೂ ಬಡವರು: ತಮ್ಮ ಡಿಎನ್‌ಎ ನಕಲು ಮಾಡೋ ಯಂತ್ರದ ಬರಹವನ್ನೂ ತಂದಿರಲ್ಲ, ಅದೂ ಗಿಡದ್ದೇ ಆಗಬೇಕು. ಆದರೆ ಬಲಿತ ಎಲೆಯ ಜೀವಕೋಶ ಒಡೆಯೋದನ್ನು ನಿಲ್ಲಿಸಿ ಆ ಯಂತ್ರವನ್ನು ಮುಚ್ಚಿಟ್ಟಿರುತ್ತೆ. ಊಟ ಮುಗಿದು, ಪಾತ್ರೆ ತೊಳೆದು, ಗ್ಯಾಸ್ ಆಫ್ ಮಾಡಿದ ಅಡುಗೆಮನೆ. ವೈರಸ್ಸಿನ ಒಂದು ಪ್ರೋಟೀನ್ ಆ ಬೀಗ ಹಾಕಿರೋ ಗಿಡದ ಪ್ರೋಟೀನ್‌ಗೆ ಅಂಟಿಕೊಂಡು, ಅಡುಗೆಮನೆಯನ್ನು ಮತ್ತೆ ತೆರೆಸುತ್ತೆ.

ಔಷಧಿ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬ್ಯಾಕ್ಟೀರಿಯಾಕ್ಕೆ ತನ್ನದೇ ರೈಬೋಸೋಮ್ ಇದೆ, ತನ್ನದೇ ಗೋಡೆ ಇದೆ. ಆ್ಯಂಟಿಬಯಾಟಿಕ್ ಹೊಡೆಯೋದು ಅದಕ್ಕೆ. ಬೂಷ್ಟಿಗೂ ತನ್ನದೇ ಪೊರೆ, ತನ್ನದೇ ಕಿಣ್ವಗಳಿವೆ, ಶಿಲೀಂಧ್ರನಾಶಕ ಅದಕ್ಕೆ. ವೈರಸ್ಸಿನಲ್ಲಿ ನೀವು ಯಾವುದಕ್ಕೆ ಹೊಡೀತೀರಿ? ಕೆಲಸ ಮಾಡ್ತಿರೋ ರೈಬೋಸೋಮ್ ಗಿಡದ್ದು, ಖರ್ಚಾಗ್ತಿರೋ ಎಟಿಪಿ ಗಿಡದ್ದು. ಅದನ್ನು ನಿಲ್ಲಿಸಿದರೆ ಗಿಡವೇ ನಿಲ್ಲುತ್ತೆ. ಮನುಷ್ಯರಿಗೆ ಕೆಲವು ವೈರಸ್‌ಗಳ ಸ್ವಂತ ಕಿಣ್ವಗಳನ್ನು ಗುರಿ ಮಾಡೋ ಮಾತ್ರೆಗಳು ಬಂದಿವೆ, ನಿಜ. ಹೊಲದಲ್ಲಿ ಹೊಡೆದು ಸೋಂಕಿತ ಗಿಡವನ್ನು ವಾಸಿ ಮಾಡೋ ಅಂಥ ಔಷಧಿ ಇಲ್ಲ.

ಇದು ಬರೀ ಜ್ಞಾನದ ಮಾತಲ್ಲ, ದುಡ್ಡಿನ ಮಾತು. ಕೋಲಾರದ ಕಡೆ ಟೊಮೇಟೊ ಹಾಕಿದ್ದ ನಮ್ಮ ಸಂಬಂಧಿಕರೊಬ್ಬರಿಗೆ ಎಲೆ ಮುಟುರು ಬಂದಾಗ ಅಂಗಡಿಯವರು ಒಂದು ವಾರ ಆ್ಯಂಟಿಬಯಾಟಿಕ್ ಪುಡಿ, ಮರುವಾರ ಶಿಲೀಂಧ್ರನಾಶಕ, ಆಮೇಲೆ ಒಂದು ಟಾನಿಕ್ ಕೊಟ್ಟು ಕಳಿಸಿದರು. ಎಲೆ ಮುಟುರಿದ್ದು ಮುಟುರಿದ ಹಾಗೇ ಇತ್ತು, ಸಾಲದ ಚೀಟಿ ಮಾತ್ರ ಉದ್ದವಾಯ್ತು. ವೈರಸ್ ಒಂದು ಜೀವಕೋಶ ಅಲ್ಲ ಅನ್ನೋ ಒಂದು ವಾಕ್ಯ ಆ ಮೂರು ಬಿಲ್ ಉಳಿಸ್ತಿತ್ತು. ನಿಮ್ಮ ಊರಿನಲ್ಲಿ ಬೇಸಾಯ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಇಷ್ಟನ್ನಾದ್ರೂ ಫೋನ್ ಮಾಡಿ ಹೇಳಿ.

ಮಾಡಬಹುದಾದದ್ದೆಲ್ಲ ವೈರಸ್ ಒಳಗೆ ಬರೋ ಮೊದಲು. ಬಿಳಿ ನೊಣ ಈ ವೈರಸ್ಸನ್ನು ಪಡೆದು, ಮೈಯೊಳಗೆ ಸುತ್ತಿಸಿ, ಇನ್ನೊಂದು ಗಿಡಕ್ಕೆ ಕೊಡೋಕೆ ಗಂಟೆಗಳು ಬೇಕು. ಹಾಗಾಗಿ ಸಸಿಮಡಿಗೆ ಸಣ್ಣ ಕಣ್ಣಿನ ಬಲೆ, ಹಳದಿ ಅಂಟುಹಾಳೆ, ನೊಣದ ನಿಯಂತ್ರಣ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಪಪ್ಪಾಯಿಯ ಉಂಗುರ ಚುಕ್ಕೆ ವೈರಸ್ ಹಾಗಲ್ಲ, ಹೇನು ಒಂದು ಗಿಡದಲ್ಲಿ ಮೂತಿ ಚುಚ್ಚಿ ರುಚಿ ನೋಡಿ ಇನ್ನೊಂದಕ್ಕೆ ಹಾರಿ ಚುಚ್ಚೋ ಕೆಲವೇ ಕ್ಷಣ, ನಿಮಿಷಗಳಲ್ಲಿ ಅದು ದಾಟಿಯಾಗಿರುತ್ತೆ. ಕೀಟನಾಶಕಕ್ಕೆ ಆ ಹೇನು ಸಾಯೋ ಹೊತ್ತಿಗೆ ಕೆಲಸ ಮುಗಿದಿರುತ್ತೆ. ಈ ಪಪ್ಪಾಯಿ ವೈರಸ್ಸಿಗೆ ಹವಾಯಿಯಲ್ಲಿ ಸಿಕ್ಕ ದಾರಿ ಕೂಡ ಗಿಡದ ಯಂತ್ರದ ಮೂಲಕವೇ: ವೈರಸ್ಸಿನ ಕವಚದ ಜೀನನ್ನು ಪಪ್ಪಾಯಿಗೆ ಸೇರಿಸಿದರು, ಗಿಡದ ಕತ್ತರಿಗೆ ಮೊದಲೇ ಫೋಟೋ ಸಿಕ್ಕಿಬಿಟ್ಟಿತು. 1998ರಲ್ಲಿ ಆ ಗಿಡಗಳು ರೈತರ ಕೈಗೆ ಬಂದವು. ಇನ್ನೊಂದು ಉಪಾಯ 1952ರದ್ದು: ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ವೈರಸ್ ಬಂದ ಡೇಲಿಯಾ ಗಿಡದ ತುತ್ತತುದಿಯ ಚೂರನ್ನು ಕತ್ತರಿಸಿ ಬೆಳೆಸಿ ಆರೋಗ್ಯದ ಗಿಡ ಪಡೆದರು. ಕುಡಿಯ ತುದಿಯಲ್ಲಿ ಜೀವಕೋಶಗಳು ಹೊಸದಾಗಿ ಒಡೀತಾ ಇರುತ್ತವೆ, ನರಗಳಿನ್ನೂ ಅಲ್ಲಿಗೆ ತಲುಪಿರಲ್ಲ, ವೈರಸ್ ಬಹಳ ಸಲ ಅಲ್ಲಿಗೆ ಹೋಗಿರಲ್ಲ.

ವೈರಸ್ಸಿಗೆ ಜೀವ ಇದೆಯಾ ಇಲ್ಲವಾ ಅಂತ ಕೇಳ್ತೀರಿ ಅಂತ ಗೊತ್ತು. ಸೋಂಕಿತ ಜೀವಕೋಶವನ್ನೇ ವೈರಸ್ಸಿನ ಜೀವಂತ ರೂಪ ಅಂತ ನೋಡಬೇಕು ಅನ್ನೋ ವಿಜ್ಞಾನಿಗಳೂ ಇದ್ದಾರೆ. ನನಗೆ ಆ ಜಗಳಕ್ಕಿಂತ ಏನು ಇದೆ, ಏನು ಇಲ್ಲ ಅನ್ನೋ ಪಟ್ಟಿ ಹೆಚ್ಚು ಉಪಯೋಗಕ್ಕೆ ಬಂದಿದೆ. ಆ ಪಟ್ಟಿ ಇನ್ನೂ ಚಿಕ್ಕದಾಗಬಹುದು: 1971ರಲ್ಲಿ ಥಿಯೋಡರ್ ಡೀನರ್ ಆಲೂಗಡ್ಡೆಯ ಒಂದು ರೋಗಕ್ಕೆ ಕಾರಣ ಕವಚವೇ ಇಲ್ಲದ ಬರೀ ಆರ್‌ಎನ್‌ಎ ತುಂಡು ಅಂತ ತೋರಿಸಿದರು. ಅದರಲ್ಲಿರೋದು 359 ಅಕ್ಷರ, ಒಂದೂ ಪ್ರೋಟೀನ್‌ನ ಬರಹ ಇಲ್ಲ.

ಬಾಲ್ಕನಿಯ ಗಿಡಕ್ಕೆ ಹೇಳೋದಾದ್ರೆ: ಎಲೆ ಮುಟುರಿಕೊಳ್ಳೋಕೆ ಅತಿ ಬಿಸಿಲು, ನುಸಿಯಂಥ ಬೇರೆ ಕಾರಣಗಳೂ ಇರ್ತವೆ, ಮೊದಲು ಎಲೆಯ ಅಡಿ ತಿರುಗಿಸಿ ನೋಡಿ. ಬಿಳಿ ನೊಣ ಇದ್ದು, ಹೊಸ ಚಿಗುರೆಲ್ಲ ಸಣ್ಣದಾಗಿ, ಹಳದಿಯಾಗಿ, ಮೇಲಕ್ಕೆ ಮಡಚಿಕೊಂಡು ಬರ್ತಿದ್ರೆ ಆ ಗಿಡ ಸರಿಹೋಗಲ್ಲ. ಬೆಳಿಗ್ಗೆ ಬೇಗ, ನೊಣಗಳು ಮಂಕಾಗಿರುವಾಗ, ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೊಣಗಳ ಸಮೇತ ಕಿತ್ತು ಕಟ್ಟಿಬಿಡಿ. ಇಲ್ಲದಿದ್ರೆ ಅವು ಪಕ್ಕದ ಮೆಣಸಿನ ಗಿಡಕ್ಕೆ ಹಾರುತ್ತವೆ. ಈ ವೈರಸ್ ಒಣಗಿದ ಎಲೆಯಿಂದ ಹೊಸ ಗಿಡಕ್ಕೆ ಹೋಗೋಕೆ ದಾರಿ ಇಲ್ಲ, ಯಾಕಂದ್ರೆ ನೊಣ ಹೀರೋದು ಹಸಿ ರಸ ಮಾತ್ರ. ಎಲೆ ಮುಟುರದೆ ಮೊಸಾಯಿಕ್ ಥರ ತೇಪೆ ಬಂದಿದ್ರೆ ಲೆಕ್ಕ ಬೇರೆ. ಅದು ಟಿಎಂವಿ ಬಳಗದ್ದಾಗಿದ್ರೆ ಒಣ ಎಲೆಯಲ್ಲಿ, ಕುಂಡದ ಅಂಚಿನಲ್ಲಿ, ಕತ್ತರಿಯಲ್ಲಿ, ಸಿಗರೇಟ್ ಸೇದೋರ ಬೆರಳಲ್ಲೂ ಬಹಳ ಕಾಲ ಉಳಿಯುತ್ತೆ. ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಕತ್ತರಿ, ಕೈ ಸೋಪಿನಲ್ಲಿ ಚೆನ್ನಾಗಿ ತೊಳೀರಿ. ಗ್ರೀನ್‌ಹೌಸ್‌ಗಳಲ್ಲಿ ಕೆಲಸದವರು ಕೆನೆ ತೆಗೆದ ಹಾಲಿನ ಪುಡಿ ಕಲಸಿದ ನೀರಿನಲ್ಲಿ ಕೈ ಅದ್ದಿಕೊಂಡು ಸಸಿ ಮುಟ್ಟೋ ಪದ್ಧತಿಯೂ ಇದೆ, ಹಾಲಿನ ಪ್ರೋಟೀನ್ ವೈರಸ್ಸಿಗೆ ಎಲೆಯ ಗೀರು ಸಿಗದ ಹಾಗೆ ತಡೆಯುತ್ತೆ. ಬಾಲ್ಕನಿಯ ಎರಡು ಕುಂಡಕ್ಕೆ ಸೋಪು ಸಾಕು.